ಮರಳಿಲ್ಲದ ರೀಫ್ ತೊಟ್ಟಿಯ ತಳಕ್ಕೆ ಯಾವ ಹವಳ ಹೊಂದುತ್ತದೆ?

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿಯಲ್ಲಿ ಒಂದು ವರ್ಷದಿಂದ ಹವಳ ಸಾಕುತ್ತಿದ್ದೇನೆ. ತಳಕ್ಕೆ ಮರಳು ಹಾಕಿಲ್ಲ. ಕಲ್ಲುಗಳ ಮೇಲ್ಭಾಗದಲ್ಲಿ ಅಕ್ರೊಪೊರಾ ಎಂಬ ಗಟ್ಟಿ ಹವಳಗಳು ಚೆನ್ನಾಗಿ ಬೆಳೆಯುತ್ತಿವೆ, ಆದರೆ ಕೆಳಗಿನ ಬೋಳು ಗಾಜು ಕಣ್ಣಿಗೆ ಹಿತವಾಗಿಲ್ಲ. ಅದನ್ನು ಹವಳದಿಂದಲೇ ಮುಚ್ಚಬೇಕೆಂದಿದ್ದೇನೆ. ಗ್ರೀನ್ ಸ್ಟಾರ್ ಪಾಲಿಪ್ ಹಾಕಿ ಎಂದು ಕೆಲವರು, ಜೊಯಾಂಥಸ್ ಹಾಕಿ ಎಂದು ಕೆಲವರು, ಗಟ್ಟಿ ಹವಳಗಳನ್ನೇ ಹರಡಿಸಿ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ? ಮುಂದೆ ಬೆಂಗಳೂರಿಗೆ ವಾಪಸಾಗುವ ಯೋಚನೆಯಿದೆ, ಆಗ ಇವನ್ನು ಜೊತೆಗೆ ತರಬಹುದೇ?

ಉತ್ತರ: ತಳ ಮುಚ್ಚುವ ಹವಳವನ್ನು ಆರಿಸುವಾಗ ಅದು ಎಷ್ಟು ಬೇಗ ಹರಡುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಬೇಡವೆನಿಸಿದ ದಿನ ಅದನ್ನು ತೆಗೆಯುವುದು ಹೇಗೆ ಎಂದು ವಿಚಾರಿಸುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಆಯ್ಕೆ ಆರಂಭವಾಗಬೇಕಾದದ್ದು ಈ ಎರಡನೆಯ ಪ್ರಶ್ನೆಯಿಂದ. ನಿಮಗೆ ಹೇಳಿರುವ ಮೂರೂ ಬಗೆಯ ಹವಳಗಳು ತಳದಲ್ಲಿ ಬದುಕುತ್ತವೆ. ಅವುಗಳಲ್ಲಿ ಯಾವುದನ್ನು ಗಾಜಿನ ಮೇಲೆಯೇ ಬಿಡಬಹುದು, ಯಾವುದನ್ನು ಎತ್ತಿ ತೆಗೆಯಬಹುದಾದ ಟೈಲ್ ಬಿಲ್ಲೆಯ ಮೇಲೆ ಮಾತ್ರ ಇಡಬೇಕು, ಯಾವುದನ್ನು ಒಳಕ್ಕೇ ತರಬಾರದು ಎಂಬುದು ಕೀಳುವಾಗ ಅವು ಹಿಡಿತ ಬಿಟ್ಟುಕೊಡುವ ರೀತಿಯ ಮೇಲೆ ನಿಂತಿದೆ.

ಮರಳಿಲ್ಲದ ತಳದ ಪ್ರಯೋಜನವೇನೆಂಬುದನ್ನು ಇಲ್ಲಿ ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು. ಮೀನಿನ ಮಲ, ತಿನ್ನದೆ ಉಳಿದ ಆಹಾರ, ಕಲ್ಲಿನ ರಂಧ್ರಗಳಿಂದ ಉದುರುವ ಪುಡಿ ಇವೆಲ್ಲ ಸೇರಿ ಆಗುವ ಗಸಿಯು ಮರಳಿನೊಳಗೆ ಇಳಿದು ಕೊಳೆಯುವ ಬದಲು ಬಲವಾದ ಪ್ರವಾಹದಲ್ಲಿ ತೇಲಿ, ಓವರ್‌ಫ್ಲೋ ದಾಟಿ, ಸಂಪಿನಲ್ಲಿ (ತೊಟ್ಟಿಯ ಕೆಳಗಿನ ಶುದ್ಧೀಕರಣ ಪೆಟ್ಟಿಗೆಯಲ್ಲಿ) ಇರುವ ಸೋಸುವ ಫಿಲ್ಟರ್ ಸಾಕ್ ಮತ್ತು ನೊರೆಯಿಂದ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಸೇರುತ್ತದೆ. ಅಲ್ಲಿಗೆ ತಲುಪದೆ ಮೂಲೆಯಲ್ಲಿ ನಿಂತದ್ದು ಕಣ್ಣಿಗೆ ಕಾಣುವುದರಿಂದ ಅದನ್ನು ಸೈಫನ್ ಕೊಳವೆಯಿಂದ ಹೀರಿ ತೆಗೆಯಬಹುದು. ಮರಳು ಏಳುತ್ತದೆಂಬ ಭಯವಿಲ್ಲದೆ, ಪ್ರವಾಹ ಎಬ್ಬಿಸುವ ಪಂಪುಗಳಾದ ಪವರ್‌ಹೆಡ್‌ಗಳನ್ನು ಜೋರಾಗಿ ನಡೆಸಬಹುದು. ಈಗ ತಳವನ್ನೆಲ್ಲ ಹವಳದಿಂದ ಮುಚ್ಚಿದರೆ, ಹವಳದ ಪುಟ್ಟ ಬಿಡಿ ಜೀವಿಗಳಾದ ಪಾಲಿಪ್‌ಗಳ ಸಂದು, ಎದ್ದ ಅಂಚು, ಬಿಲ್ಲೆಗಳ ಮಗ್ಗುಲು ಎಲ್ಲವೂ ಗಸಿ ಹಿಡಿಯುವ ಜಾಗಗಳಾಗುತ್ತವೆ. ಮರಳನ್ನು ಹೊರಗಿಟ್ಟು ಅದರ ತೊಂದರೆಯನ್ನು ಮಾತ್ರ ಒಳಕ್ಕೆ ಕರೆದುಕೊಂಡಂತಾಗುತ್ತದೆ. ಆದ್ದರಿಂದ ತಳದ ಅರ್ಧದಿಂದ ಮೂರರಲ್ಲಿ ಎರಡು ಭಾಗದವರೆಗೆ ಮಾತ್ರ ಮುಚ್ಚಿ, ಉಳಿದುದನ್ನು ಕೊಳವೆ ಆಡುವ ದಾರಿಯಾಗಿ ಬಿಡುವುದು ಲೇಸು. ಉಳಿದ ಗಾಜಿನ ಮೇಲೆ ಕಾಲಕ್ರಮದಲ್ಲಿ ಗುಲಾಬಿ ಮತ್ತು ನೇರಳೆ ಬಣ್ಣದ ಕೊರಲೈನ್ ಪಾಚಿ ತಾನಾಗಿಯೇ ಹಬ್ಬುತ್ತದೆ. ನಿಮ್ಮ ಅಸಮಾಧಾನದ ಒಂದು ಪಾಲನ್ನು ಅದೇ ಪರಿಹರಿಸೀತು.

ಹವಳ ಕೊಳ್ಳುವ ಮೊದಲು ಖಾಲಿ ತಳವನ್ನೇ ಸ್ವಲ್ಪ ದಿನ ಓದಿಕೊಳ್ಳಿ. ಒಂದು ಸಲ ತಳವನ್ನು ಪೂರ್ತಿ ಸೈಫನ್ ಮಾಡಿ, ಆಮೇಲೆ ಮೂರು ನಾಲ್ಕು ದಿನ ಕೈ ಹಾಕದೆ ಬಿಟ್ಟು, ಗಸಿ ಎಲ್ಲೆಲ್ಲಿ ಕೂರುತ್ತದೆ ಎಂದು ನೋಡಿ. ಸಾಮಾನ್ಯವಾಗಿ ಅದು ಎರಡು ಪ್ರವಾಹಗಳು ಎದುರುಬದುರಾಗುವ ಸ್ಥಳದಲ್ಲಿ ಸಣ್ಣ ದಿಣ್ಣೆಯಾಗಿಯೂ ಕಲ್ಲಿನ ಹಿಂಬದಿಯಲ್ಲಿ ತೆಳುವಾದ ಪಟ್ಟಿಯಾಗಿಯೂ ಕಾಣಿಸುತ್ತದೆ. ಆ ಸ್ಥಳಗಳಲ್ಲಿ ಯಾವ ಹವಳವನ್ನೂ ಇಡಬೇಡಿ. ಅವು ನಿಮ್ಮ ಸೈಫನ್ನಿಗೆ ಮೀಸಲು. ಜೊತೆಗೆ ಬೆಳಕನ್ನೂ ಅಳೆಯಿರಿ. 50 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ, ಮೇಲೆ ಅಕ್ರೊಪೊರಾಗಳಿಗೆ ಸಾಕಾಗುವಷ್ಟು ಎಲ್‌ಇಡಿ ದೀಪವಿದ್ದರೆ, ತಳದ ತೆರೆದ ಭಾಗದಲ್ಲಿ 100ರಿಂದ 150ರ ಸುಮಾರಿಗೆ ಪಾರ್ (ಹವಳದೊಳಗಿನ ಪಾಚಿಗೆ ಬಳಕೆಯಾಗುವ ಬೆಳಕಿನ ಅಳತೆ) ಸಿಗುವುದು ಸಾಮಾನ್ಯ. ಕಲ್ಲಿನ ಚಾಚಿನ ಕೆಳಗೆ ಅದು 50ಕ್ಕೂ ಇಳಿಯುತ್ತದೆ. ಪಾರ್ ಮೀಟರನ್ನು ಕೊಳ್ಳಬೇಕಾಗಿಲ್ಲ, ನಿಮ್ಮ ಊರಿನ ಹವ್ಯಾಸಿಗಳ ಕ್ಲಬ್ಬಿನಲ್ಲಿ ಎರವಲು ಸಿಕ್ಕೀತು.

ಇನ್ನು ಬಿಲ್ಲೆಗಳ ವಿಷಯ. ಹೊಳಪು ಲೇಪವಿಲ್ಲದ ಬಿಳಿಯ ಸೆರಾಮಿಕ್ ಟೈಲನ್ನು ಸುಮಾರು 10 ಸೆಂ.ಮೀ. ಚೌಕಗಳಾಗಿ ಕತ್ತರಿಸಿಕೊಂಡು ಅವುಗಳ ಮೇಲೆ ಹವಳದ ತುಣುಕುಗಳನ್ನು ಸಯನೊಅಕ್ರಿಲೇಟ್ ಜೆಲ್ ಅಂಟಿನಿಂದ ಕೂರಿಸಿ, ಬಿಲ್ಲೆಗಳನ್ನು ತಳಕ್ಕೆ ಸಪಾಟಾಗಿ ಇಟ್ಟು, ಎರಡು ಬಿಲ್ಲೆಗಳ ನಡುವೆ ಒಂದು ಬೆರಳಿನಷ್ಟು ಸಂದು ಬಿಡಿ. ಆ ಸಂದಿನಲ್ಲಿ ಪಿಚಕಾರಿಯ ಮೂತಿ ಹೋಗಬೇಕು. ಬಿಲ್ಲೆಗೆ ಕಾಲು ಕೊಟ್ಟು ಎತ್ತರಿಸುವವರಿದ್ದಾರೆ, ಅದರ ಅಡಿಯಲ್ಲಿ ಗಸಿ ಸೇರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ನಾಲ್ಕೂ ಬದಿಯ ಗಾಜಿನಿಂದ ಐದಾರು ಸೆಂ.ಮೀ. ದೂರದವರೆಗೆ ಏನನ್ನೂ ಇಡಕೂಡದು. ಮುಂದಿನ ಗಾಜನ್ನು ಉಜ್ಜುವ ಅಯಸ್ಕಾಂತಕ್ಕೆ ದಾರಿ ಬೇಕೆಂಬುದು ಒಂದು ಕಾರಣವಾದರೆ, ತೊಟ್ಟಿಯ ಮೂಲೆಗಳನ್ನು ಹಿಡಿದಿಟ್ಟಿರುವ ಸಿಲಿಕೋನ್ ಬೆಸುಗೆಯ ಮೇಲೆ ಹವಳ ಹತ್ತಿದರೆ ಅದನ್ನು ಕೆರೆಯುವಾಗ ಬ್ಲೇಡ್ ಬೆಸುಗೆಯನ್ನೇ ಕತ್ತರಿಸಬಹುದೆಂಬುದು ಅದಕ್ಕಿಂತ ದೊಡ್ಡ ಕಾರಣ. 360 ಲೀಟರ್ ಉಪ್ಪುನೀರು ಮನೆಯ ನೆಲಕ್ಕೆ ಇಳಿಯುವುದು ಹೀಗೆಯೇ. ಕೆಲವರು ಗಾಜಿನ ಮೇಲೆ ಅಡುಗೆಮನೆಯ ಕತ್ತರಿಸುವ ಹಲಗೆಗೆ ಬಳಸುವ ಬಿಳಿಯ ಪಾಲಿಎಥಿಲೀನ್ ಹಾಳೆ ಹಾಸುತ್ತಾರೆ. ಅದು ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ, ಸಿಲಿಕೋನೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಈಗಾಗಲೇ ಕಲ್ಲು ಜೋಡಿಸಿರುವ ನಿಮ್ಮ ತೊಟ್ಟಿಗೆ ಅದರ ಗೊಡವೆ ಬೇಡ.

ಗ್ರೀನ್ ಸ್ಟಾರ್ ಪಾಲಿಪ್, ಹವ್ಯಾಸಿಗಳ ಬಾಯಲ್ಲಿ ಜಿಎಸ್‌ಪಿ, ವಿಚಿತ್ರವಾದ ಪ್ರಾಣಿ. ಸರಂಧ್ರ ಕಲ್ಲಿನ ಮೇಲೆ ಅದು ದೊಡ್ಡ ಪೀಡೆ, ನುಣುಪಾದ ಗಾಜಿನ ಮೇಲೆ ಅಷ್ಟೇ ಸಾಧು. ಅದರ ನೇರಳೆ ಬಣ್ಣದ ಚಾಪೆ ಕಲ್ಲಿನ ರಂಧ್ರಗಳಿಗೆ ಇಳಿದರೆ ಎಷ್ಟು ಕಿತ್ತರೂ ಒಂದು ಚೂರು ಒಳಗೆ ಉಳಿದು ಮತ್ತೆ ಚಿಗುರುತ್ತದೆ. ಗಾಜಿನ ಮೇಲಾದರೆ ಅಂಚಿನ ಕೆಳಗೆ ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ತೂರಿಸಿ ನಿಧಾನವಾಗಿ ತಳ್ಳಿದಾಗ ಚಾಪೆಯು ತೊಗಲಿನ ಪಟ್ಟಿಯಂತೆ ಒಂದೇ ತುಂಡಾಗಿ ಎದ್ದು ಬರುತ್ತದೆ, ಹಸಿರು ಪಾಲಿಪ್‌ಗಳೆಲ್ಲ ಒಳಕ್ಕೆ ಸೇದಿಕೊಂಡು ಬರಿಯ ನೇರಳೆ ಬಣ್ಣ ಕಾಣುತ್ತದೆ, ಕೆಳಗಿನ ಗಾಜು ಹೆಚ್ಚುಕಡಿಮೆ ಸ್ವಚ್ಛವಾಗಿರುತ್ತದೆ. ಆದ್ದರಿಂದ ಜಿಎಸ್‌ಪಿ ಬೇಕೆಂದಾದರೆ ಅದನ್ನು ಗಾಜಿಗೇ ಹಚ್ಚಿ, ಕಲ್ಲಿನ ಬುಡದಿಂದ ಕನಿಷ್ಠ ಒಂದು ಗೇಣು ದೂರವಿರಲಿ, ಮತ್ತು ತಿಂಗಳಿಗೊಮ್ಮೆ ಅಂಚನ್ನು ಕತ್ತರಿಸಿ ಹಿಂದಕ್ಕೆ ಸರಿಸುವ ಕೆಲಸವನ್ನು ತಪ್ಪಿಸಬೇಡಿ. ಅದು ಅಕ್ರೊಪೊರಾವನ್ನು ಕುಟುಕಿ ಕೊಲ್ಲುವುದಿಲ್ಲ, ಬುಡದಿಂದ ಹತ್ತಿ ಉಸಿರುಗಟ್ಟಿಸುತ್ತದೆ. ತಿಂಗಳಿಗೊಮ್ಮೆ ಕತ್ತರಿಸುವ ಶಿಸ್ತು ನಿಮ್ಮಲ್ಲಿಲ್ಲವೆಂದಾದರೆ ಅದನ್ನು ತರಲೇಬೇಡಿ.

ಬೇಗ ಮುಚ್ಚುತ್ತದೆ ಎಂದು ಯಾರಾದರೂ ಮಿಡಿಯುವ ಝೀನಿಯಾ ಅಥವಾ ಅದರ ಬಳಗದ ಬೇರೆ ಮೃದು ಹವಳವನ್ನು ಪುಕ್ಕಟೆಯಾಗಿ ಕೊಡಲು ಬಂದರೆ ನಯವಾಗಿ ನಿರಾಕರಿಸಿ. ಈ ಬಳಗಕ್ಕೆ ಸೇರಿದ, ಇಂಡೊನೇಷ್ಯಾ ಕಡೆಯ ಯುನೊಮಿಯಾ ಸ್ಟೊಲೊನಿಫೆರಾ ಎಂಬ ಹವಳವು ಅಕ್ವೇರಿಯಂ ವ್ಯಾಪಾರದ ಮೂಲಕ ವೆನೆಜುವೆಲಾದ ಕರಾವಳಿಗೆ ತಲುಪಿ, ಮೋಚಿಮಾ ರಾಷ್ಟ್ರೀಯ ಉದ್ಯಾನದ ಕಡಲ ತಳದಲ್ಲಿ ಅಲ್ಲಿಯ ಹವಳಗಳನ್ನೂ ಕಡಲ ಹುಲ್ಲನ್ನೂ ಮುಚ್ಚಿಹಾಕಿದೆ. ಹವಾಯಿಯ ಪರ್ಲ್ ಹಾರ್ಬರಿನಲ್ಲಿಯೂ ಅದು ಕಾಣಿಸಿಕೊಂಡಿದೆ. ಕಡಲಿನ ತಳವನ್ನೇ ಹೀಗೆ ಆಕ್ರಮಿಸುವ ಬಳಗಕ್ಕೆ ನಿಮ್ಮ ತೊಟ್ಟಿಯ ತಳ ಯಾವ ಲೆಕ್ಕ? ಹೆಚ್ಚಾದದ್ದನ್ನು ಚರಂಡಿಗೋ ಕಡಲಿಗೋ ಸುರಿಯಬಾರದೆಂಬ ಎಚ್ಚರಿಕೆ ಟೆಕ್ಸಾಸ್‌ನಂಥ ಕರಾವಳಿ ರಾಜ್ಯದಲ್ಲಿರುವ ನಿಮಗೆ ಎರಡು ಪಟ್ಟು ಅನ್ವಯಿಸುತ್ತದೆ.

ಜೊಯಾಂಥಸ್ ಸುಂದರ, ಅಗ್ಗ, 80ರಿಂದ 150ರ ಪಾರ್‌ನಲ್ಲಿ ಸಂತೋಷವಾಗಿರುತ್ತದೆ, ಒಂದು ಬಣ್ಣದ ಪಕ್ಕದಲ್ಲಿ ಇನ್ನೊಂದು ಬಣ್ಣವನ್ನು ನೆಟ್ಟರೂ ಹೆಚ್ಚಿನ ಜಗಳವಿಲ್ಲ. ಇಷ್ಟಿದ್ದರೂ ಇದನ್ನು ಗಾಜಿನ ಮೇಲೆ ನೇರವಾಗಿ ಬೆಳೆಸಬಾರದೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಕಾರಣ ಪಾಲಿಟಾಕ್ಸಿನ್. ಹವಾಯಿಯ ಮಾವುಯಿ ದ್ವೀಪದಲ್ಲಿ, ಜೊಯಾಂಥಸ್‌ನ ಬಂಧುವಾದ ಪಾಲಿಥೋವಾದಿಂದ ಈ ವಿಷವನ್ನು ಬೇರ್ಪಡಿಸಿದ ವರದಿಯನ್ನು ಮೂರ್ ಮತ್ತು ಶೋಯರ್ ಎಂಬ ರಸಾಯನಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದರು. ಪ್ರೋಟೀನ್ ಅಲ್ಲದ ನೈಸರ್ಗಿಕ ವಿಷಗಳಲ್ಲಿ ಅತ್ಯುಗ್ರವಾದವುಗಳ ಸಾಲಿಗೆ ಅದು ಸೇರುತ್ತದೆ. ಅದು ಜೀವಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಹಿಡಿದುಕೊಂಡು ತೆರೆದ ರಂಧ್ರವಾಗಿ ಮಾಡಿಬಿಡುತ್ತದೆ. ಪಾಲಿಥೋವಾಗಳಲ್ಲಿ ಇದರ ಅಪಾಯ ಹೆಚ್ಚು, ಜೊಯಾಂಥಸ್‌ನಲ್ಲಿ ಕಡಿಮೆ. ಆದರೆ ಅಂಗಡಿಯ ಹೆಸರು ನೋಡಿ ಇದು ಯಾವುದೆಂದು ನಿಶ್ಚಯವಾಗಿ ಹೇಳಲಾಗದು. ತಳದ ಗಾಜಿಗೆ ಅಂಟಿದ ಕಾಲೊನಿಯನ್ನು ತೆಗೆಯಬೇಕಾದರೆ ಬ್ಲೇಡಿನಿಂದ ಕೆರೆಯಲೇಬೇಕು, ಕೆರೆದಾಗ ಪಾಲಿಪ್‌ಗಳು ಒಡೆದು ಅವುಗಳ ರಸವೆಲ್ಲ ನೀರಿಗೆ ಸೇರುತ್ತದೆ, ಕೈಯಲ್ಲಿ ಒಂದು ಗೀರಿದ್ದರೂ ವಿಷ ಮೈಗೆ ಸೇರಲು ಅದೇ ದಾರಿ. ಬಿಲ್ಲೆಯ ಮೇಲಿದ್ದರೆ ಬಿಲ್ಲೆಯನ್ನೇ ಎತ್ತಿ ಹೊರಗಿಟ್ಟರಾಯಿತು. ಮುಟ್ಟುವಾಗ ನೈಟ್ರೈಲ್ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಕಡ್ಡಾಯ. ಜೊಯಾಂಥಸ್ ಅಂಟಿರುವ ಕಲ್ಲನ್ನಾಗಲಿ ಬಿಲ್ಲೆಯನ್ನಾಗಲಿ ಕುದಿಸುವುದು, ಬಿಸಿನೀರು ಹಾಕಿ ಉಜ್ಜುವುದು, ಒಣಗಿಸಿ ಕೆರೆಯುವುದು ಇವಾವುದನ್ನೂ ಮಾಡಬೇಡಿ. ಕಲ್ಲು ಕುದಿಸಿದಾಗ ಎದ್ದ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಪಾಲಿಥೋವಾವನ್ನು ಪೂರ್ತಿ ಕೈಬಿಡಿ.

ಈಗ ನಾನು ಹೆಚ್ಚು ಮೆಚ್ಚುವ ಗುಂಪಿಗೆ ಬರುತ್ತೇನೆ. ತೊಗಟೆಯಂತೆ ತಳಕ್ಕೆ ಅಂಟಿ ಹಬ್ಬುವ ಗಟ್ಟಿ ಹವಳಗಳು ನಿಮ್ಮಂಥ ಜೋರು ಪ್ರವಾಹದ, ಸ್ವಚ್ಛ ನೀರಿನ ತೊಟ್ಟಿಗೆ ಸಹಜವಾಗಿ ಒಗ್ಗುತ್ತವೆ, ಮತ್ತು ಅವುಗಳ ಮೈ ತಗ್ಗಾಗಿರುವುದರಿಂದ ನೀರು ತಡೆಯಿಲ್ಲದೆ ಮೇಲೆ ಹರಿದುಹೋಗುತ್ತದೆ. ಪ್ರವಾಹ ಚೆನ್ನಾಗಿರುವ, ಪಾರ್ 120 ದಾಟುವ ಜಾಗಕ್ಕೆ ತೊಗಟೆ ಬಗೆಯ ಮಾಂಟಿಪೊರಾ ಇಡಿ. ಎಲೆಯಂತೆ ಅಡ್ಡಕ್ಕೆ ಚಾಚುವ ಮಾಂಟಿಪೊರಾ ಕ್ಯಾಪ್ರಿಕಾರ್ನಿಸ್ ಬೇಡ, ಅದರ ನೆರಳಲ್ಲಿ ಗಸಿ ಕೂರುತ್ತದೆ. ಹೊಸ ಬೆಳವಣಿಗೆಯನ್ನು ಗುರುತಿಸುವುದು ಸುಲಭ: ತುಣುಕಿನ ಸುತ್ತ ಮೊದಲು ಕಾಗದದಷ್ಟು ತೆಳುವಾದ, ಬಿಳಿಚಿದ ಅಂಚೊಂದು ಬಿಲ್ಲೆಗೆ ಅಂಟಿಕೊಂಡು ಹೊರಡುತ್ತದೆ, ಅದರಲ್ಲಿ ಪಾಲಿಪ್‌ಗಳೇ ಇರುವುದಿಲ್ಲ, ಕೆಲವು ವಾರಗಳ ನಂತರ ಬಣ್ಣದ ಚುಕ್ಕಿಗಳು ಹಿಂದಿನಿಂದ ಮುಂದಕ್ಕೆ ತುಂಬಿಕೊಳ್ಳುತ್ತವೆ. ಆ ಬಿಳಿ ಅಂಚು ಇದ್ದಕ್ಕಿದ್ದಂತೆ ಹಸಿರಾದರೆ ಪಾಚಿ ಹತ್ತಿದೆ, ಬೆಳವಣಿಗೆ ನಿಂತಿದೆ ಎಂದರ್ಥ.

ಮಾಂಟಿಪೊರಾಕ್ಕಿಂತಲೂ ತಳದ ಕೆಲಸಕ್ಕೆ ನಾನು ಮೊದಲು ಆರಿಸುವುದು ಸೈಫಾಸ್ಟ್ರಿಯಾವನ್ನು. ಅದು ನಿಧಾನಿ, ಆದರೆ ಮಂದ ಬೆಳಕನ್ನೂ ಸಾಧಾರಣ ಬೆಳಕನ್ನೂ ಸಹಿಸುತ್ತದೆ, ನೆರೆಯವರನ್ನು ಹೆಚ್ಚು ಕುಟುಕುವುದಿಲ್ಲ, ಗುಬುಟುಗುಬುಟಾದ ಮೈಯ ಮೇಲೆ ಗಸಿ ನಿಲ್ಲುವುದೂ ಕಡಿಮೆ. ಅದರ ಜೊತೆಗೆ ಸಾಮೊಕೊರಾ ಮತ್ತು ಲೆಪ್ಟಾಸ್ಟ್ರಿಯಾಗಳನ್ನು ಪರಿಗಣಿಸಬಹುದು. ಕಲ್ಲಿನ ಚಾಚಿನ ಕೆಳಗಿನ ನೆರಳಿಗೆ ಲೆಪ್ಟೊಸೆರಿಸ್‌ಗೆ ಸಮನಾದದ್ದು ಇಲ್ಲ. ಹವಾಯಿಯ ಕಡಲಿನಲ್ಲಿ 100 ಮೀಟರಿಗೂ ಹೆಚ್ಚಿನ ಆಳದಲ್ಲಿ, ಸೂರ್ಯನ ಬೆಳಕು ನೀಲಿಯ ಕುರುಹಾಗಿ ಮಾತ್ರ ಉಳಿದಿರುವಲ್ಲಿ, ಈ ಕುಲದ ಹವಳಗಳು ತಮ್ಮೊಳಗಿನ ಪಾಚಿಯ ನೆರವಿನಿಂದ ಬದುಕುತ್ತವೆ. ನಿಮ್ಮ ತೊಟ್ಟಿಯ 50 ಪಾರ್ ಅದಕ್ಕೆ ಧಾರಾಳ. ಮೈಸೀಡಿಯಂ, ಎಕೈನೊಫಿಲಿಯಾದಂಥ ಚಾಲೀಸ್ ಹವಳಗಳು ಬಣ್ಣದಲ್ಲಿ ಇವೆಲ್ಲವನ್ನೂ ಮೀರಿಸುತ್ತವೆಯಾದರೂ ಅವುಗಳ ಅಂಚು ತಳದಿಂದ ಮೇಲೇಳುತ್ತದೆ, ರಾತ್ರಿ ಹೊತ್ತು ಉದ್ದನೆಯ ಕುಟುಕುವ ಎಳೆಗಳನ್ನೂ ಚಾಚುತ್ತವೆ. ಒಂದೆರಡು ಸಾಕು, ಸುತ್ತ 15 ಸೆಂ.ಮೀ. ಖಾಲಿ ಬಿಡಿ. ಗೆಲಾಕ್ಸಿಯಾ ಮಾತ್ರ ಬೇಡವೇ ಬೇಡ, ಅದರ ಎಳೆಗಳು ಒಂದು ಅಡಿಯವರೆಗೂ ತಲುಪಬಲ್ಲವು.

ಈ ಗಟ್ಟಿ ಹವಳಗಳು ಬಿಲ್ಲೆಯಿಂದ ಇಳಿದು ಗಾಜಿಗೆ ಅಂಟಿದರೆ ಏನು ಮಾಡಬೇಕು? ಹೆದರುವ ಕಾರಣವಿಲ್ಲ. ಹವಳದ ಅಸ್ಥಿಪಂಜರವು ಅರಗೊನೈಟ್ ಎಂಬ ಖನಿಜ. ಮೋಸ್ ಮಾನದಂಡದಲ್ಲಿ ಅದರ ಗಡಸುತನ 3.5ರಿಂದ 4, ಗಾಜಿನದು 5.5ರ ಸುಮಾರು. ಆದ್ದರಿಂದ ಬ್ಲೇಡಿನಿಂದ ಕೆರೆದಾಗ ಹವಳ ಪುಡಿಯಾಗಿ ಏಳುತ್ತದೆಯೇ ಹೊರತು ಗಾಜಿಗೆ ಗೀರು ಬೀಳುವುದಿಲ್ಲ. ಬಿಳಿಯ ಗುರುತು ಕೆಲವು ದಿನ ಉಳಿದು, ಮತ್ತೆ ಉಜ್ಜಿದಾಗ ಹೋಗುತ್ತದೆ. ಅಕ್ರಿಲಿಕ್ ತೊಟ್ಟಿಯವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಎಲ್ಲವನ್ನೂ ಬಿಲ್ಲೆಯ ಮೇಲೆಯೇ ಇಟ್ಟುಕೊಳ್ಳಬೇಕು.

ಅಣಬೆ ಹವಳಗಳನ್ನು, ಅಂದರೆ ಡಿಸ್ಕೊಸೋಮಾ, ರೊಡಾಕ್ಟಿಸ್, ರಿಕಾರ್ಡಿಯಾಗಳನ್ನು ನೀವು ಕೇಳಿಲ್ಲ, ಆದರೂ ಯಾರಾದರೂ ಸೂಚಿಸಿಯಾರು. ಅವು ಬಯಸುವುದು ಮಂದ ಪ್ರವಾಹವನ್ನು. ನಿಮ್ಮಲ್ಲಿ ಅವು ಮುದುಡಿಕೊಂಡಿರುತ್ತವೆ, ಇಲ್ಲವೇ ಬುಡ ಬಿಟ್ಟು ತೇಲಿಹೋಗಿ ಎಲ್ಲೋ ಅಕ್ರೊಪೊರಾದ ಸಂದಿನಲ್ಲಿ ನೆಲೆಯೂರುತ್ತವೆ. ಟ್ರಾಕಿಫಿಲಿಯಾ, ಸೈನರೀನಾದಂಥ ಮಾಂಸಲ ಹವಳಗಳು ಪ್ರಕೃತಿಯಲ್ಲಿ ಮೆತ್ತನೆಯ ಮರಳಿನ ಮೇಲೆ ಬಿಡಿಯಾಗಿ ಕುಳಿತಿರುವಂಥವು. ಗಟ್ಟಿ ಗಾಜಿನ ಮೇಲೆ ಜೋರು ನೀರಿಗೆ ಅಲುಗಾಡಿದರೆ ಅವುಗಳ ಅಂಚಿನ ಮಾಂಸ ತಮ್ಮದೇ ಮೂಳೆಗೆ ಉಜ್ಜಿ ಹರಿಯುತ್ತದೆ. ಬೇಕೇ ಬೇಕೆಂದರೆ ಪ್ರವಾಹ ಕಡಿಮೆಯಿರುವ ಮೂಲೆಯಲ್ಲಿ, ಅಗಲವಾದ ಗಾಜಿನ ತಟ್ಟೆಯಲ್ಲಿ ಒಂದಿಷ್ಟು ಮರಳು ಹಾಕಿ ಅದರಲ್ಲಿ ಕೂರಿಸಬಹುದು. ಫಂಗಿಯಾ ಮೈ ಉಬ್ಬಿಸಿಕೊಂಡು ತಾನೇ ಜರುಗುತ್ತಾ ಹೋಗಬಲ್ಲದು, ಬೆಳಗಾಗುವಷ್ಟರಲ್ಲಿ ಅದು ಯಾರ ಪಕ್ಕದಲ್ಲಿರುತ್ತದೋ ಹೇಳಲಾಗದು.

ಹವಳ ಹೆಚ್ಚಿದಂತೆ ನೀರಿನ ಲೆಕ್ಕವೂ ಬದಲಾಗುತ್ತದೆ. ತಳದಲ್ಲಿ ಗಟ್ಟಿ ಹವಳ ಹಬ್ಬಿದಷ್ಟೂ ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟುಗಳ ಪ್ರಮಾಣ, ಇದರ ಮಾನ ಡಿಕೆಎಚ್) ಮತ್ತು ಕ್ಯಾಲ್ಸಿಯಂ ಹೆಚ್ಚು ಖರ್ಚಾಗುತ್ತವೆ. ಆಲ್ಕಲಿನಿಟಿಯನ್ನು 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ ಅನ್ನು 400ರಿಂದ 450 ಪಿಪಿಎಂ ನಡುವೆ ನಿಲ್ಲಿಸಲು ಅವನ್ನು ನೀರಿಗೆ ಸೇರಿಸುವ ಡೋಸಿಂಗ್ ಪ್ರಮಾಣವನ್ನು ಆಗಾಗ ತಿದ್ದಬೇಕಾಗುತ್ತದೆ. ಇನ್ನೊಂದು ಕಡೆ, ಮರಳಿಲ್ಲದ ತೊಟ್ಟಿಯವರು ಸ್ವಚ್ಛತೆಯ ಹುರುಪಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟನ್ನು ಸೊನ್ನೆಗೆ ಇಳಿಸಿಬಿಡುವುದುಂಟು. ಹಾಗಾದಾಗ ಜೊಯಾಂಥಸ್ ಕುಗ್ಗುತ್ತದೆ, ಚಾಲೀಸ್ ಬಿಳಿಚಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳಾದ ಡೈನೊಫ್ಲಾಜೆಲೇಟ್‌ಗಳ ಕಂದು ಲೋಳೆ ಬೋಳು ಗಾಜಿನ ಮೇಲೆ ಗುಳ್ಳೆಗುಳ್ಳೆಯಾಗಿ ಹಬ್ಬುತ್ತದೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ.

ಬಸವನಹುಳುಗಳಲ್ಲಿ ಟ್ರೋಕಸ್ ತರಿಸಿ. ಅದು ಅಂಗಾತ ಬಿದ್ದರೂ ತಾನೇ ಮಗುಚಿಕೊಳ್ಳುತ್ತದೆ, ಆಸ್ಟ್ರಿಯಾ ಹುಳು ಸಪಾಟು ಗಾಜಿನ ಮೇಲೆ ಅಂಗಾತ ಬಿದ್ದಲ್ಲಿಯೇ ಸಾಯುತ್ತದೆ. ಮುಳ್ಳುಮೈಯ ಕಡಲ ಅರ್ಚಿನ್ ಇದ್ದರೆ ಸಡಿಲವಾದ ತುಣುಕುಗಳನ್ನು ಹೊತ್ತು ತಿರುಗಬಹುದು. ಹ್ಯಾಲಿಕೋರೀಸ್‌ನಂಥ ವ್ರ್ಯಾಸ್ ಮೀನುಗಳು ರಾತ್ರಿ ಮರಳಿನಲ್ಲಿ ಹೂತು ಮಲಗುವುದರಿಂದ ನಿಮ್ಮ ತೊಟ್ಟಿಗೆ ತಕ್ಕವಲ್ಲ. ಕೊಂಡ ಪ್ರತಿಯೊಂದು ತುಣುಕನ್ನೂ ಕೀಟನಾಶಕ ದ್ರಾವಣದಲ್ಲಿ ಅದ್ದಿ, ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇರಿಸಿಯೇ ಒಳಗೆ ತನ್ನಿ. ಮಾಂಟಿಪೊರಾ ತಿನ್ನುವ ನ್ಯೂಡಿಬ್ರಾಂಕ್ ಹುಳುವಿನ ಮೊಟ್ಟೆಗಳು ಅದ್ದಿದ ಮಾತ್ರಕ್ಕೆ ಸಾಯುವುದಿಲ್ಲ, ಭೂತಗನ್ನಡಿ ಹಿಡಿದು ತುಣುಕಿನ ಅಡಿಭಾಗದಲ್ಲಿ ಹುಡುಕಿ ಕೆರೆದು ತೆಗೆಯಬೇಕು.

ಬೆಂಗಳೂರಿಗೆ ತರುವ ವಿಚಾರದಲ್ಲಿ ನನ್ನ ಉತ್ತರ ಸ್ಪಷ್ಟ: ತರುವ ಯೋಚನೆ ಬಿಡಿ. ಎಲ್ಲ ಗಟ್ಟಿ ಹವಳಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಪರವಾನಗಿಯಿಲ್ಲದೆ ದೇಶದ ಗಡಿ ದಾಟಿಸಲಾಗದು. ಭಾರತದಲ್ಲಿ ಅದಕ್ಕಿಂತ ಬಿಗಿಯಾದ ಕಾನೂನಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟಕ್ಕೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ಸೇರಿಸಲಾಗಿದ್ದು, ಹುಲಿಗೆ ಇರುವ ರಕ್ಷಣೆಯ ದರ್ಜೆಯೇ ಅವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿದವರು ನೆನಪಿಗೆಂದು ಒಂದು ಚೂರು ಹವಳ ಎತ್ತಿಕೊಂಡು ಬಂದರೂ ಅದು ಅಪರಾಧ. ಜೊಯಾಂಥಸ್ ಮತ್ತು ಜಿಎಸ್‌ಪಿ ಈ ಗಟ್ಟಿ ಹವಳಗಳ ಪಟ್ಟಿಗೆ ಸೇರುವುದಿಲ್ಲವಾದರೂ ಜೀವಂತ ಜಲಚರಗಳನ್ನು ಪೂರ್ವಾನುಮತಿಯಿಲ್ಲದೆ ಸಾಮಾನಿನೊಂದಿಗೆ ತರುವ ಹಾಗಿಲ್ಲ. ಹೊರಡುವ ಆರು ತಿಂಗಳ ಮೊದಲೇ ಟೆಕ್ಸಾಸಿನ ಹವ್ಯಾಸಿಗಳಿಗೆ ತಿಳಿಸಿಡಿ. ಬಿಲ್ಲೆಯ ಮೇಲೆ ಬೆಳೆದ ಸೈಫಾಸ್ಟ್ರಿಯಾ ಮತ್ತು ಲೆಪ್ಟೊಸೆರಿಸ್‌ಗಳನ್ನು ಅವರು ಬಕೆಟ್ ಹಿಡಿದುಕೊಂಡು ಬಂದು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಾರೆ. ಗಾಜಿಗೆ ಅಂಟಿರುವ ಜಿಎಸ್‌ಪಿಯನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸಿ, ಕೊಳ್ಳುವವರು ಸಿಗದಿದ್ದರೆ ಹೆಪ್ಪುಗಟ್ಟಿಸಿ ಕಸಕ್ಕೆ ಹಾಕಿ.